ನೋಡದೆ ಹೆಸರಿಡದ ಡಾಕ್ಟರು

ಕಳೆದ ತಿಂಗಳು ಮಂಗಳೂರಿನ ಕೊಡಿಯಾಲ್‌ಬೈಲಿನ ಡಾಕ್ಟರು ತೀರಿಕೊಂಡಾಗ ನಮ್ಮ ವಾರಪತ್ರಿಕೆಯಲ್ಲಿ ಆರು ಸಾಲಿನ ಸುದ್ದಿ ಬಂತು. ಬರೆದವನು ನಾನೇ. ವಯಸ್ಸು, ಓದಿದ್ದು, ಕೆಲಸ ಮಾಡಿದ ಊರುಗಳು, ಅಗಲಿದ ಬಂಧುಗಳು, ಎಲ್ಲ ಸರಿಯಾಗಿತ್ತು. 'ಜನಪ್ರಿಯ ವೈದ್ಯರು' ಎಂದು ಒಂದು ಕಡೆ ಸೇರಿಸಿದ್ದೆ. ಅವರು ಇದ್ದಿದ್ದರೆ ಅದರ ಕೆಳಗೆ ಗೆರೆ ಎಳೆದು, "ಯಾರು ಎಣಿಸಿದ್ದು?" ಎಂದು ಅಂಚಿನಲ್ಲಿ ಬರೆಯುತ್ತಿದ್ದರು.

ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಹನ್ನೆರಡು ವರ್ಷ ನಮ್ಮ ಪತ್ರಿಕೆಗೆ ಆರೋಗ್ಯದ ಅಂಕಣ ಬರೆದರು, ಒಂದು ಸಲವೂ ಹೆಸರು ಹಾಕಗೊಡಲಿಲ್ಲ. ಬುಧವಾರ ಮಧ್ಯಾಹ್ನ ಕೊಡೆ ಹಿಡಿದು ನಡೆದು ಬಂದು, ಬರಹ ಕೊಟ್ಟು, ಹಿಂದಿನ ವಾರದ್ದರ ಕರಡಚ್ಚನ್ನು ತಾವೇ ಕೂತು ತಿದ್ದುತ್ತಿದ್ದರು. ಆ ಅಂಕಣದಿಂದ ಯಾರ ರೋಗವೂ ವಾಸಿಯಾಗುವುದಿಲ್ಲವೆಂದು ಓದುಗರ ದೂರಿತ್ತು. ಮಲೇರಿಯಾದ ಬಗ್ಗೆ ಬರೆದರೆ ಅರ್ಧ ಅಂಕಣ ಸೊಳ್ಳೆಯನ್ನು ಮೊದಲು ಅನುಮಾನಿಸಿದವರು ಯಾರು, ಅದಕ್ಕೂ ಮೊದಲು ಜನ ಯಾವುದನ್ನು ಅನುಮಾನಿಸಿದ್ದರು ಎಂಬುದರ ಬಗ್ಗೆಯೇ ಇರುತ್ತಿತ್ತು. ಕಷಾಯದ ವಿಷಯಕ್ಕೆ ಬರುವಷ್ಟರಲ್ಲಿ ಜಾಗ ಮುಗಿದಿರುತ್ತಿತ್ತು.

ನಾನು ಪತ್ರಿಕೆಗೆ ಸೇರಿದ ಮೊದಲ ವರ್ಷ 'ಹುಚ್ಚುನಾಯಿ ಕಚ್ಚಿ ಇಬ್ಬರಿಗೆ ಗಾಯ' ಎಂದು ತಲೆಬರಹ ಕೊಟ್ಟಿದ್ದೆ. ಅವರು ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸುತ್ತಾ ಕೇಳಿದರು:

"ನಾಯಿಯನ್ನು ನೀನು ನೋಡಿದ್ದೀಯಾ?"

"ಇಲ್ಲ ಡಾಕ್ಟ್ರೇ. ಪೊಲೀಸ್ ಠಾಣೆಯಲ್ಲಿ ಹೇಳಿದ್ರು."

"ಠಾಣೆಯವರು ನೋಡಿದ್ದಾರಾ?"

"ಅವರು ಬರುವಾಗ ಜನ ಅದನ್ನು ಕೊಂದಿದ್ದರಂತೆ."

"ಹಾಗಾದ್ರೆ ಕಚ್ಚಿದ್ದು ಗೊತ್ತುಂಟು, ಹುಚ್ಚು ಗೊತ್ತಿಲ್ಲ. ಗೊತ್ತಿದ್ದಷ್ಟು ಹಾಕು ಮಾರಾಯ."

ಅವರ ನೋಟುಪುಸ್ತಕದಲ್ಲಿ ಪ್ರತಿ ಪುಟದ ನಡುವೆಯೂ ಒಂದು ಗೆರೆ ಇರುತ್ತಿತ್ತು. ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು. ಎಷ್ಟೋ ಪುಟಗಳಲ್ಲಿ ಎಡಭಾಗ ಖಾಲಿ. ಸುದ್ದಿಮನೆಯಲ್ಲಿ ಈ ಪದ್ಧತಿಯನ್ನು ನಾನೂ ತಂದುಕೊಂಡೆ. ಇಷ್ಟು ವರ್ಷಗಳಲ್ಲಿ ನಾನು ಕಡಿಮೆ ಕ್ಷಮಾಪಣೆಗಳನ್ನು ಅಚ್ಚು ಮಾಡಬೇಕಾಗಿ ಬಂದಿದ್ದರೆ ಅದಕ್ಕೆ ಆ ಗೆರೆಯೇ ಕಾರಣ.

ಅವರಿಗೆ ಜರ್ಮನ್ ಬರುತ್ತಿತ್ತು. ಮದ್ರಾಸಿಗೆ ಹೋಗಿ ಎಲ್.ಎಂ.ಪಿ. ವೈದ್ಯಕೀಯ ಓದುವ ಮೊದಲು ಬಲ್ಮಠದ ಕಡೆ ಜರ್ಮನ್ ಪಾದ್ರಿಯೊಬ್ಬರ ಔಷಧದ ಕೋಣೆಯಲ್ಲಿ ಬಾಟ್ಲಿ ತೊಳೆಯುವುದರಿಂದ ಹಿಡಿದು ಚೀಟಿ ಬರೆಯುವವರೆಗೆ ಕೆಲಸ ಮಾಡಿದ್ದರು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಯವರನ್ನೆಲ್ಲ ಸರಕಾರ ಹಿಡಿದು ಕಳಿಸಿದಾಗ ಆ ಪಾದ್ರಿ ಒಂದು ಟ್ರಂಕು ವೈದ್ಯಕೀಯ ಪತ್ರಿಕೆಗಳನ್ನು ಇವರ ಸುಪರ್ದಿಗೆ ಬಿಟ್ಟುಹೋದರು. ಅವರು ಮರಳಿ ಬರಲಿಲ್ಲ. ಇವರು ನಿಘಂಟು ಇಟ್ಟುಕೊಂಡು, ಗೆದ್ದಲು ತಿನ್ನದೆ ಉಳಿದದ್ದನ್ನೆಲ್ಲ ಓದಿದರು. "ನನ್ನ ವಿಜ್ಞಾನ ಯುದ್ಧದ ವರ್ಷಕ್ಕೇ ನಿಂತದ್ದು. ನಾನು ಹಳೇ ಪೇಪರ್ ಓದುವವ" ಎಂದು ನಗುತ್ತಿದ್ದರು.

ಆ ಟ್ರಂಕಿನಲ್ಲಿಯೇ ಅವರಿಗೆ ಜೀವಮಾನದ ಕುತೂಹಲವೊಂದು ಸಿಕ್ಕಿತು. ಜರ್ಮನಿಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಸೇರಿದ್ದಳು. ಮೊದಲು ಗಂಡನ ಮೇಲೆ ಸಂಶಯ, ಆಮೇಲೆ ಮರೆವು, ಆಮೇಲೆ ತನ್ನ ಹೆಸರನ್ನೇ ಪೂರ್ತಿ ಬರೆಯಲಾಗದ ಸ್ಥಿತಿ. ಅಲ್ಲಿಯ ಡಾಕ್ಟರೊಬ್ಬರು ಅವಳ ಮಾತುಗಳನ್ನು ಕೇಳಿದಂತೆಯೇ ಬರೆದಿಟ್ಟರು. ಕೆಲವು ವರ್ಷಗಳಲ್ಲಿ ಅವಳು ಸತ್ತ ಮೇಲೆ ಮಿದುಳಿನ ತೆಳುವಾದ ಹೋಳುಗಳಿಗೆ ಬೆಳ್ಳಿಯ ಬಣ್ಣ ಹಾಯಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಜೀವಕೋಶಗಳ ನಡುವೆ ಕಪ್ಪು ಕಲೆಗಳು, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು. ಅವರ ಮೇಲಿನ ಪ್ರೊಫೆಸರು ತಮ್ಮ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಈ ಡಾಕ್ಟರ ಹೆಸರನ್ನೇ ಇಟ್ಟುಬಿಟ್ಟರು.

ನಮ್ಮ ಡಾಕ್ಟರು ಇದನ್ನು ನನಗೆ ವಿವರಿಸಿದ್ದು ನೇಯ್ಗೆ ಕಾರ್ಖಾನೆಯ ಮಾತಿನಲ್ಲಿ. "ಮಗ್ಗದಲ್ಲಿ ನೂಲು ಸಿಕ್ಕಾದ್ರೆ ಎಂತ ಆಗ್ತದೆ? ಮಗ್ಗ ಮುರಿಯುದಿಲ್ಲ. ಬಟ್ಟೆ ಮುಂದೆ ಹೋಗುದಿಲ್ಲ, ಅಷ್ಟೇ. ನೇಯ್ದು ಆದದ್ದು ಸುಮಾರು ಸಮಯ ಹಾಗೇ ಇರ್ತದೆ." ಮರುಕ್ಷಣವೇ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. "ಇದು ಹೋಲಿಕೆ ಮಾತ್ರ. ಸಿಕ್ಕಿನಿಂದ ಮರೆವಾ, ಮರೆವಿನ ರೋಗದಿಂದ ಸಿಕ್ಕಾ, ಅದು ಅವರಿಗೂ ಗೊತ್ತಿಲ್ಲ."

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯ ಮೇಲೆ ಅವರಿಗೆ ತಕರಾರಿತ್ತು. ಜರ್ಮನಿಯವರು ಹೆಸರಿಟ್ಟ ರೋಗ ಐವತ್ತರವರದ್ದು. ಅದೇ ಮರೆವು ಎಪ್ಪತ್ತರಲ್ಲಿ ಬಂದರೆ ಅದು ರೋಗವಲ್ಲ, ಮುಪ್ಪು, ರಕ್ತನಾಳ ಗಡುಸಾದದ್ದು ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತಿದ್ದವು. ಆದರೆ ಮುದುಕರ ಮಿದುಳಿನಲ್ಲಿಯೂ ಅಂಥದೇ ಕಲೆಗಳನ್ನು ಕಂಡವರಿದ್ದಾರೆ ಎಂದು ಅವರು ಟ್ರಂಕಿನಲ್ಲಿಯೇ ಓದಿದ್ದರು. "ಐವತ್ತಕ್ಕೆ ರೋಗ, ಎಪ್ಪತ್ತಕ್ಕೆ ಪ್ರಾಯ ಅಂತ ಗೆರೆ ಹಾಕಿದ್ದು ಮಿದುಳಾ, ಪಂಚಾಂಗವಾ?" ಎಂದು ಅಂಕಣದಲ್ಲಿ ಕೇಳಿದರು. ಹಿರಿಯರನ್ನು ರೋಗಿಗಳೆಂದು ಕರೆದು ಅವಮಾನ ಮಾಡಿದ್ದಾರೆಂದು ನಮಗೆ ನಾಲ್ಕು ಪತ್ರಗಳು ಬಂದವು. ಅವನ್ನು ಅವರು ಸಂತೋಷದಿಂದ ಮನೆಗೆ ಒಯ್ದರು.

ಅಂಥ ಮಿದುಳೊಂದನ್ನು ತಾವೇ ಒಮ್ಮೆ ನೋಡಬೇಕೆಂಬುದು ಅವರ ಆಸೆ. ಮದ್ರಾಸಿನಲ್ಲಿ ಹೋಳು ಮಾಡಿ ಬಣ್ಣ ಹಾಯಿಸಿಕೊಡುವ ಗೆಳೆಯರಿದ್ದರು. ಸರಕಾರಿ ಆಸ್ಪತ್ರೆಯಲ್ಲಿ ಶವಪರೀಕ್ಷೆಗೆ ಎರಡು ಗಂಟೆ ಜಾಗ ಕೊಡುವ ಗೆಳೆಯರೂ ಇದ್ದರು. ಇಲ್ಲದ್ದು ರೋಗಿ ಮಾತ್ರ. ಇದನ್ನು ಅವರು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ಹಕ್ಕಿಗಳನ್ನು ಗುರುತಿಸುವ ಹವ್ಯಾಸದವರು ತಾವು ಇನ್ನೂ ಕಾಣದ ಹಕ್ಕಿಯ ಬಗ್ಗೆ ಹೇಳುವ ಹಾಗೆ.

ರೋಗಿ ಸಿಕ್ಕಿದ್ದು ನಮ್ಮ ಅಚ್ಚುಕೂಟದಲ್ಲಿಯೇ.

ಎರಡನೆಯ ಯುದ್ಧಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ನಮ್ಮಲ್ಲಿ ಅಚ್ಚಿನ ಮೊಳೆ ಜೋಡಿಸುವವರಲ್ಲಿ ಹಿರಿಯರು ತ್ಯಾಂಪಣ್ಣ. ಪ್ರಾಯ ಐವತ್ತೆರಡಿರಬಹುದು. ಅವರ ಕರಡಚ್ಚಿನಲ್ಲಿ ತಪ್ಪು ಹುಡುಕುವುದು ನನಗೆ ಒಂದು ಪಂಥವಾಗಿತ್ತು, ಹೆಚ್ಚಾಗಿ ಸೋಲುತ್ತಿದ್ದೆ. ಆದರೆ ಒಂದು ಮಳೆಗಾಲದಲ್ಲಿ ಪತ್ರಿಕೆಯಲ್ಲಿ ತಪ್ಪುಗಳು ಹೆಚ್ಚುತ್ತಾ ಹೋದವು. ಎಲ್ಲ ತಪ್ಪುಗಳೂ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಲಾದ್ರುವಿನವು. ಲಾದ್ರು ಮಾತುಗಾರ, ತಮಾಷೆಯವನು, ಆದರೆ ಜೋಡಿಸುವುದರಲ್ಲಿ ಕೈ ತಪ್ಪುವವನಲ್ಲ. ಸಂಪಾದಕರು, ಪತ್ರಿಕೆಯ ಮಾಲೀಕರೂ ಅವರೇ, ಅವನನ್ನು ಕರೆದು ಬೈದರು.

"ನಾನು ಸರಿಯಾದ ಮನೆಗೇ ಕೈ ಹಾಕಿದ್ದು ಮಾರಾಯ್ರೆ" ಎಂದ ಲಾದ್ರು. "ಮನೆಯ ಒಳಗೆ ಬೇರೆ ಯಾರೋ ಕೂತಿದ್ರೆ ನಾನೆಂತ ಮಾಡುದು?"

ಎಲ್ಲರೂ ನಕ್ಕರು. ಕರಡು ತಿದ್ದುತ್ತಾ ಕೂತಿದ್ದ ಡಾಕ್ಟರು ನಗಲಿಲ್ಲ. ಅದರ ಅರ್ಥವೇನೆಂದು ಕೇಳಿದರು. ನಾನು ಹೇಳಿದೆ. ಅಚ್ಚಾದ ಮೇಲೆ ಪುಟದ ಮೊಳೆಗಳನ್ನು ಬಿಡಿಸಿ, ಒಂದೊಂದು ಅಕ್ಷರವನ್ನೂ ಕೇಸಿನಲ್ಲಿ, ಅಂದರೆ ಖಾನೆಗಳಿರುವ ಮರದ ತಟ್ಟೆಯಲ್ಲಿ, ಅದರದರ ಮನೆಗೆ ಹಾಕಬೇಕು. ಕನ್ನಡದ ಕೇಸಿನಲ್ಲಿ ಮನೆಗಳು ನೂರಾರು. ಜೋಡಿಸುವವನು ನೋಡದೆಯೇ ಕೈ ಹಾಕುತ್ತಾನೆ. ಬಿಡಿಸಿದವನು ತಪ್ಪು ಮನೆಗೆ ಹಾಕಿದ್ದರೆ ಮರುದಿನ ಜೋಡಿಸಿದವನ ತಪ್ಪಾಗುತ್ತದೆ.

"ಬಿಡಿಸಿ ಹಾಕುವವರು ಯಾರು?"

ತ್ಯಾಂಪಣ್ಣ. ಹಿರಿಯರು, ತಪ್ಪುವುದಿಲ್ಲ ಎಂದು ಆ ಕೆಲಸ ಅವರಿಗೇ ಬಿಟ್ಟಿತ್ತು.

ಡಾಕ್ಟರು ಎದ್ದುಹೋಗಿ ಒಂದು ಗಂಟೆ ತ್ಯಾಂಪಣ್ಣನ ಹಿಂದೆ ನಿಂತರು. ಬಂದು ನನ್ನೊಡನೆ ಹೇಳಿದ್ದು ಇಷ್ಟು: "ಓದುದು ಸರಿ ಉಂಟು. ಕೈ ಪಕ್ಕದ ಮನೆಗೆ ಹೋಗ್ತದೆ. ಹೋದದ್ದು ಅವರಿಗೆ ಗೊತ್ತಾಗುದಿಲ್ಲ."

ಮುಂದಿನ ಬುಧವಾರದಿಂದ ಅವರದ್ದೊಂದು ಪರೀಕ್ಷೆ ಶುರುವಾಯಿತು. ತ್ಯಾಂಪಣ್ಣ ಎರಡು ಸಾಲು ಜೋಡಿಸಬೇಕು. ಒಂದು, ಇಪ್ಪತ್ತು ವರ್ಷಗಳಿಂದ ಪ್ರತಿವಾರ ಜೋಡಿಸಿದ ಪತ್ರಿಕೆಯ ಚಂದಾ ಸೂಚನೆ. ಇನ್ನೊಂದು, ಡಾಕ್ಟರು ಬಾಯಲ್ಲಿ ಹೇಳಿದ ಹೊಸ ಸಾಲು: 'ನಿನ್ನೆ ಬೆಳಿಗ್ಗೆ ಬಂದರಿಗೆ ಮೂರು ಮಂಜಿಗಳು ಬಂದವು.' ಮಂಜಿ ಎಂದರೆ ನಮ್ಮ ಕಡೆಯ ಸರಕಿನ ಹಾಯಿಹಡಗು. ಹೇಳಿದ ಮೇಲೆ ಎರಡು ನಿಮಿಷ ಬೇರೆ ಮಾತಾಡಿ, ಆಮೇಲೆ ಜೋಡಿಸಲು ಹೇಳುತ್ತಿದ್ದರು. ಅದರ ಅಚ್ಚು ತೆಗೆದು ತಾರೀಖು ಹಾಕಿ ಇಡುತ್ತಿದ್ದರು.

"ಇದೆಂತ ಡಾಕ್ಟ್ರೇ, ಮಂಜಿ ಬಂದದ್ದನ್ನೇ ಎಷ್ಟು ವಾರ ಹಾಕುದು?" ಎಂದು ಕೇಳಿದರು ತ್ಯಾಂಪಣ್ಣ ಮೂರನೆಯ ಬುಧವಾರ. ಐದನೆಯ ಬುಧವಾರ ಹಾಗೆ ಕೇಳಲಿಲ್ಲ. ಅವರಿಗೆ ಪ್ರತಿ ಸಲವೂ ಆ ಮಂಜಿಗಳು ಹೊಸತಾಗಿಯೇ ಬರತೊಡಗಿದ್ದವು. ಕೆಲವು ತಿಂಗಳಲ್ಲಿ 'ಮೂರು' ಹೋಯಿತು, ಆಮೇಲೆ 'ಬೆಳಿಗ್ಗೆ', ಆಮೇಲೆ 'ಬಂದರಿಗೆ'. ಚಂದಾ ಸೂಚನೆ ಮಾತ್ರ ಒಂದು ಅಕ್ಷರ ಅಲುಗದೆ ನಿಂತಿತ್ತು. ಡಾಕ್ಟರು ಆ ಕಾಗದದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನೋಡುವಾಗ ಅವರ ಮುಖದಲ್ಲಿ ಕಾಣುತ್ತಿದ್ದದ್ದನ್ನು ಕನಿಕರ ಎಂದು ನಾನು ಬರೆದರೆ ಅದು ತಪ್ಪು ವರದಿಯಾದೀತು. ಅವರು ಓದುತ್ತಿದ್ದರು.

ಆದರೆ ಅವರು ಒಂದು ತಪ್ಪು ಮಾಡಿದರು. ಕಂಡದ್ದನ್ನು ಕಂಡ ಹಾಗೆ ಹೇಳುವ ಅಭ್ಯಾಸದವರು, ಅಚ್ಚುಕೂಟದ ನಡುವೆಯೇ ನಿಂತು ನನ್ನೊಡನೆ ಹೇಳಿದರು: "ಈ ಪ್ರಾಯದಲ್ಲಿ ಬುದ್ಧಿ ಹೋಗುದಕ್ಕೆ ಮೊದಲು ನೋಡ್ಬೇಕಾದ್ದು ಪರಂಗಿ ರೋಗ. ಅದು ಅಲ್ಲ ಅಂತ ಆದ ಮೇಲೆ ಬೇರೆ ಮಾತು." ವೈದ್ಯರ ಲೆಕ್ಕದಲ್ಲಿ ಸರಿಯಾದ ಮಾತು. ಹೆಣ್ಣಿನ ಸಹವಾಸದಿಂದ ಬರುವ ಆ ರೋಗ ವರ್ಷಗಳ ಮೇಲೆ ಮಿದುಳಿಗೆ ಹತ್ತುವುದು ಆಗ ಎಲ್ಲ ಊರಿನಲ್ಲೂ ಇತ್ತು. ಆದರೆ ಕೇಳಿದವರ ಕಿವಿಯಲ್ಲಿ ಉಳಿದದ್ದು ರೋಗದ ಹೆಸರು ಮಾತ್ರ. ಮರುದಿನ ಕೆಲಸದವರು ತ್ಯಾಂಪಣ್ಣ ಮುಟ್ಟಿದ ಹೂಜಿಯಿಂದ ನೀರು ಕುಡಿಯಲಿಲ್ಲ. ಮೂರನೆಯ ದಿನ ಸಂಪಾದಕರು ಅವರನ್ನು ಮನೆಗೆ ಕಳಿಸಿದರು.

ನಾಲ್ಕನೆಯ ದಿನ ತ್ಯಾಂಪಣ್ಣನ ಹೆಂಡತಿ ದೇಯಕ್ಕ ಬೋಳೂರಿನಿಂದ ನಡೆದುಬಂದು ಕಚೇರಿಯ ಬಾಗಿಲಲ್ಲಿ ನಿಂತರು. ಮಾತೆಲ್ಲ ತುಳುವಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಂಬಳ ಬೇಡ ದಣಿಗಳೇ, ಇಲ್ಲಿ ನಿಲ್ಲಿಸಿಕೊಳ್ಳಿ, ಸಾಕು. ಮನೆಯಲ್ಲಿದ್ರೆ ಕೆಲಸಕ್ಕೆ ಹೊತ್ತಾಯ್ತು ಅಂತ ಎದ್ದು ಹೋಗ್ತಾರೆ. ನಿನ್ನೆ ಹೊಳೆಯ ಬದಿಯಲ್ಲಿ ಸಿಕ್ಕಿದ್ರು. ಇಲ್ಲಿ ಬಂದು ನಿಂತ್ರೆ ಕೈಗೆ ಸಮಾಧಾನ ಉಂಟು." ಆಮೇಲೆ, ಸುದ್ದಿ ಕೇಳಿ ಅಲ್ಲಿಗೆ ಬಂದಿದ್ದ ಡಾಕ್ಟರ ಕಡೆ ತಿರುಗಿದರು. "ಆ ರೋಗದ ಹೆಸರು ನೀವು ಹೇಳಿದ್ದಂತೆ. ನೀವೇ ತೆಗೀಬೇಕು."

ಡಾಕ್ಟರು ಆ ದಿನವೇ ತ್ಯಾಂಪಣ್ಣನ ರಕ್ತವನ್ನೂ ಬೆನ್ನುಮೂಳೆಯ ನೀರನ್ನೂ ತೆಗೆದು ಮದ್ರಾಸಿಗೆ ಕಳಿಸಿದರು. ವರದಿ ಬಂತು: ಇಲ್ಲ. ಮತ್ತೊಮ್ಮೆ ಕಳಿಸಿದರು. ಇಲ್ಲ. ಎರಡೂ ವರದಿಗಳನ್ನು ತಂದು ಅಚ್ಚುಕೂಟದ ನಡುವೆ, ಮೊದಲು ಆ ಮಾತು ಹೇಳಿದ ಜಾಗದಲ್ಲಿಯೇ ನಿಂತು, ಗಟ್ಟಿಯಾಗಿ ಓದಿದರು. ಹೂಜಿಯಿಂದ ನೀರು ಬಗ್ಗಿಸಿ ಕುಡಿದರು.

ಸಂಪಾದಕರಿಗೆ ಅಷ್ಟು ಸಾಲಲಿಲ್ಲ. "ಅದಲ್ಲ ಅಂತ ಆಯ್ತು. ಮತ್ತೆಂತ? ರೋಗದ ಹೆಸರು ಬರೆದು ಕೊಡಿ, ಗೋಡೆಗೆ ಹಚ್ತೇನೆ. ಹೆಸರಿಲ್ಲದ ರೋಗಕ್ಕೆ ಇವರು ಇನ್ನೂ ಹೆದರ್ತಾರೆ."

"ಹೆಸರು ಒಂದುಂಟು. ಬರೀಲಿಕ್ಕೆ ಆಗುದಿಲ್ಲ."

"ಯಾಕೆ?"

"ಸತ್ತ ಮೇಲೆ ಮಿದುಳು ನೋಡಿದ್ರೆ ಮಾತ್ರ ಹೇಳಬಹುದಾದ ಹೆಸರು ಅದು."

ಸಂಪಾದಕರು ಮೇಜು ಕುಟ್ಟಿದರು. "ಬದುಕಿರುವವನಿಗೆ ಸರ್ಟಿಫಿಕೇಟು ಕೇಳಿದ್ರೆ ಸತ್ತ ಮೇಲೆ ಬನ್ನಿ ಅಂತೀರಲ್ಲ ಮಾರಾಯ್ರೆ. ನಾವು ಹಾಗೆ ಕಾಯುತ್ತಾ ಕೂತಿದ್ರೆ ಪತ್ರಿಕೆ ವರ್ಷಕ್ಕೊಂದು ಬರ್ತಿತ್ತು. ನಾವೆಲ್ಲ 'ಎಂದು ತಿಳಿದುಬಂದಿದೆ' ಅಂತ ಬರೆಯುದಿಲ್ವಾ?"

"ಯಾರಿಂದ ತಿಳಿದುಬಂದದ್ದು ಅಂತ ಬರೀತೀರಾ?"

"ಇಲ್ಲ."

"ನಾನು ಬರೀತೇನೆ."

ಹಾಗೆ ಒಂದು ಸರ್ಟಿಫಿಕೇಟು ತಯಾರಾಯಿತು. ಇದು ಇಂಥಿಂಥ ರೋಗವಲ್ಲ, ಹರಡುವಂಥದ್ದಲ್ಲ, ಯಾರದೇ ನಡತೆಯಿಂದ ಬಂದದ್ದಲ್ಲ. ಜರ್ಮನಿಯ ವೈದ್ಯರೊಬ್ಬರು ವರ್ಣಿಸಿದ ಮಿದುಳಿನ ರೋಗವನ್ನು ಇದು ಹೋಲುತ್ತದೆ. ಹೌದೋ ಅಲ್ಲವೋ ಈಗ ಗೊತ್ತಿಲ್ಲ. ವೈದ್ಯರ ಸರ್ಟಿಫಿಕೇಟಿನಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ನಾನು ನೋಡಿದ್ದು ಅದೊಂದೇ. ಲಾದ್ರು ಅದನ್ನು ದಪ್ಪ ಮೊಳೆಯಲ್ಲಿ ಜೋಡಿಸಿ ಅಚ್ಚು ಹೊಡೆದು ಹೂಜಿಯ ಮೇಲಿನ ಗೋಡೆಗೆ ಅಂಟಿಸಿದ. ಜರ್ಮನಿಯ ರೋಗವೆಂದು ತಿಳಿದ ಮೇಲೆ ಕೆಲಸದವರಿಗೆ ತ್ಯಾಂಪಣ್ಣನ ಮೇಲೆ ಸ್ವಲ್ಪ ಗೌರವವೇ ಬಂತು.

ತ್ಯಾಂಪಣ್ಣ ತಿರುಗಿ ಬಂದರು. ಕರಗಿಸಲು ತೆಗೆದಿಟ್ಟಿದ್ದ ಸವೆದ ಮೊಳೆಗಳ ಕೇಸೊಂದನ್ನು ಅವರಿಗೆಂದು ಕಿಟಕಿಯ ಹತ್ತಿರ ಇಟ್ಟರು. ದಿನವಿಡೀ ಅವರು ಒಂದು ಪುಟವನ್ನು ಬಿಡಿಸಿ ಮನೆಗಳಿಗೆ ಹಾಕುತ್ತಿದ್ದರು. ಸಂಜೆ ಲಾದ್ರು ಅರ್ಧ ಗಂಟೆ ಹೆಚ್ಚು ನಿಂತು, ಆ ಮೊಳೆಗಳನ್ನು ಹೇಗೆ ಬಂದರೆ ಹಾಗೆ ಮತ್ತೆ ಪುಟವಾಗಿ ಕಟ್ಟಿ ಇಟ್ಟುಹೋಗುತ್ತಿದ್ದ. ಅದರಲ್ಲಿ ಯಾವ ಅರ್ಥವೂ ಇರುತ್ತಿರಲಿಲ್ಲ. ಹೀಗೆ ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು. ಬುಧವಾರ ಬುಧವಾರ ಡಾಕ್ಟರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಕೊನೆಕೊನೆಗೆ ಅಚ್ಚು ತೆಗೆಯುವುದನ್ನು ಬಿಟ್ಟು, ಸುಮ್ಮನೆ ಮೀನಿನ ಹೆಸರು, ಮಳೆ, ಮಂಜಿ ಎಂದು ಮಾತಾಡುತ್ತಿದ್ದರು. ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಇನ್ನು ತೆಗೆದ್ರೆ ನನಗೆ ಹೊಸತೆಂತದೂ ಗೊತ್ತಾಗುದಿಲ್ಲ. ಅವರಿಗೆ ಮಾತ್ರ ತೊಂದರೆ" ಎಂದರು.

ಅದೇ ಹೊತ್ತಿಗೆ ಎರಡನೆಯ ಯುದ್ಧ ಬಂತು. ತ್ಯಾಂಪಣ್ಣ ಮನೆಯಿಂದ ಹೊರಡಲಾಗದ ಸ್ಥಿತಿಗೆ ಬಂದರು. ಎಂಟು ಹತ್ತು ತಿಂಗಳು ಕಳೆದು ಒಂದು ಬೆಳಿಗ್ಗೆ ಅವರು ಹೋದರೆಂದು ಲಾದ್ರು ಬಂದು ಹೇಳಿದ. ನಾನು ಡಾಕ್ಟರ ಮನೆಗೆ ಹೋದೆ. ಅವರು ಹೊರಟು ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಉಪ್ಪಿನಕಾಯಿ ಹಾಕುವಂಥ ಒಂದು ದೊಡ್ಡ ಭರಣಿ. ಅದರ ಬಾಯಿಗೆ ಬಟ್ಟೆ ಬಿಗಿದಿತ್ತು. ಅಂಗಾಂಗ ಕೆಡದಂತೆ ಇಡುವ ಫಾರ್ಮಲಿನ್‌ನ ವಾಸನೆ ದಾರಿಯುದ್ದಕ್ಕೂ ನಮ್ಮ ಜೊತೆ ಬಂತು.

ಬೋಳೂರಿನ ಮನೆಯ ಅಂಗಳದಲ್ಲಿ ಗಂಡಸರು ಚಟ್ಟಕ್ಕೆಂದು ಬಿದಿರು ಕಡಿಯುತ್ತಿದ್ದರು. ಡಾಕ್ಟರು ಜಗಲಿಯಲ್ಲಿ ದೇಯಕ್ಕನ ಮುಂದೆ ಕೂತು, ಸುತ್ತುಬಳಸದೆ ಕೇಳಿದರು. ಆಸ್ಪತ್ರೆಗೆ ಎರಡು ಗಂಟೆ ಒಯ್ಯಬೇಕು, ತಲೆಯನ್ನು ತೆರೆಯಬೇಕು, ಮತ್ತೆ ಹೊಲಿದು ಮುಂಡಾಸು ಸುತ್ತಿ ತಂದುಕೊಡುತ್ತೇನೆ, ನೋಡುವವರಿಗೆ ಗೊತ್ತಾಗುವುದಿಲ್ಲ.

"ಇನ್ನೆಂತ ನೋಡ್ಲಿಕ್ಕುಂಟು?" ಎಂದರು ದೇಯಕ್ಕ.

"ಕಲೆ ಉಂಟಾ, ಸಿಕ್ಕು ಉಂಟಾ ಅಂತ. ಇದ್ರೆ ಇವರ ರೋಗಕ್ಕೆ ಹೆಸರುಂಟು. ಇಲ್ಲದಿದ್ರೆ ಇಷ್ಟು ವರ್ಷ ನಾನು ಎಣಿಸಿದ್ದು ತಪ್ಪು."

"ಮುಂದೆ ಬೇರೆ ಯಾರಿಗಾದ್ರೂ ಇದು ಬಂದ್ರೆ ಮದ್ದು ಸಿಕ್ತದಾ?"

"ನನ್ನ ಕಾಲಕ್ಕೆ ಇಲ್ಲ. ಆದ್ರೆ ನೋಡದೆ ಯಾವ ಕಾಲಕ್ಕೂ ಸಿಗುದಿಲ್ಲ."

ದೇಯಕ್ಕ ಚೀಲದ ಕಡೆ ನೋಡಿದರು. "ಇದರಲ್ಲಿ ಇಡುದಾ?"

"ಹೌದು."

"ಹೊಸ ಭರಣಿಯಾ?"

"ಹೊಸತು. ಮೊನ್ನೆ ತಂದದ್ದು."

"ಮೊನ್ನೆ ಇವರಿಗೆ ಜೀವ ಇತ್ತು."

"ಇತ್ತು" ಎಂದರು ಡಾಕ್ಟರು.

ಅಂಗಳದವರ ಕತ್ತಿ ನಿಂತಿತು. ಎದ್ದು ಹೋಗಿ ಎಂದು ದೇಯಕ್ಕ ಹೇಳುತ್ತಾರೆಂದೇ ನಾನು ತಿಳಿದೆ. ಅವರು ಹಾಗೆ ಹೇಳಲಿಲ್ಲ. ದನಿ ತಗ್ಗಿಸಿ ಕೇಳಿದರು:

"ನನಗೆ ಒಂದು ಗೊತ್ತಾಗ್ಬೇಕು ಡಾಕ್ಟ್ರೇ. ಕಡೆಗೆ ಅವರಿಗೆ ನನ್ನ ಗುರ್ತ ಇರ್ಲಿಲ್ಲ. ಗಂಜಿ ಕೊಟ್ರೆ, 'ನೀವು ಯಾರ ಮನೆಯವರು, ದೇವರು ನಿಮಗೆ ಒಳ್ಳೇದು ಮಾಡ್ಲಿ' ಅಂತಿದ್ರು. ಹಾಗಾದ್ರೆ ನಾನು ಒಳಗಿಂದ ಪೂರ್ತಿ ಹೋಗಿದ್ದೆನಾ? ಅಲ್ಲ, ಎಲ್ಲಾದ್ರೂ ಒಂದು ಮೂಲೆಯಲ್ಲಿ ಇದ್ದೆನಾ? ನೀವು ತೆರೆದು ನೋಡಿದ್ರೆ ಅದು ಕಾಣ್ತದಾ? ಕಾಣ್ತದೆ ಅಂತಾದ್ರೆ ಕೊಂಡೋಗಿ."

ಡಾಕ್ಟರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಇಲ್ಲ. ಅದು ಕಾಣುದಿಲ್ಲ."

"ದೊಡ್ಡ ಡಾಕ್ಟ್ರಿಗೆ? ಮದ್ರಾಸಿನವರಿಗೆ?"

"ಯಾರಿಗೂ ಇಲ್ಲ."

"ಹಾಗಾದ್ರೆ ಬೇಡ" ಎಂದು ದೇಯಕ್ಕ ಒಳಗೆ ಹೋದರು.

ನಾವು ಅಂಗಳಕ್ಕೆ ಇಳಿದೆವು. ಡಾಕ್ಟರ ಇಪ್ಪತ್ತೈದು ವರ್ಷಗಳ ಕಾಯುವಿಕೆ ಒಂದು ಮಾತಿಗೆ ಮುಗಿದದ್ದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ಕಾಣಬಹುದು ಅಂತ ಹೇಳಿದ್ರೆ ಕೊಡ್ತಿದ್ರು ಡಾಕ್ಟ್ರೇ."

"ಕೊಡ್ತಿದ್ರು."

ಒಳಗಿಂದ ಶವವನ್ನು ತಂದರು. ಹೊರಲು ಒಬ್ಬರು ಕಡಿಮೆಯಿದ್ದಾರೆಂದು ಲಾದ್ರು ನನ್ನ ಕಡೆ ನೋಡಿದ. ನಾನು ಮುಂದೆ ಹೋಗುವ ಮೊದಲೇ ಡಾಕ್ಟರು ಚೀಲವನ್ನು ನನ್ನ ಕೈಗೆ ಕೊಟ್ಟರು.

"ನೆಟ್ಟಗೆ ಹಿಡ್ಕೋ ಮಾರಾಯ, ಚೆಲ್ತದೆ" ಎಂದು ಹೇಳಿ, ಶಾಲನ್ನು ಸೊಂಟಕ್ಕೆ ಬಿಗಿದು, ತ್ಯಾಂಪಣ್ಣನ ತಲೆಯ ಕಡೆಯ ಬಿದಿರಿಗೆ ಹೆಗಲು ಕೊಟ್ಟರು. ಅವರು ಹಿತ್ತಲು ದಾಟುವವರೆಗೆ ನಾನು ಭರಣಿಯನ್ನು ಎರಡು ಕೈಯಲ್ಲಿ ಎದೆಗೆ ಒತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ.